ಹಕ್ಕಿ ಎಣಿಸುವ ಮೊದಲು ನೀರು ನೋಡಿ

ಎಲ್ಲರಿಗೂ ನಮಸ್ಕಾರ. ಆಂಡಿಸ್ ಪರ್ವತದ ಎತ್ತರದ ಜೌಗು ಅಂದ ತಕ್ಷಣ ಎಲ್ಲರೂ ಕೇಳುವುದು ಫ್ಲೆಮಿಂಗೋ ಬಗ್ಗೆ. ನಾನು ಹೇಳಬೇಕೆಂದಿರುವುದು ಅಲ್ಲಿನ ನೀರಲ್ಲಿರುವ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಬಗ್ಗೆ. ಸರಿ, ಹಕ್ಕಿಯಿಂದಲೇ ಶುರು ಮಾಡೋಣ.

ಬೊಲಿವಿಯಾದ ಲಗುನಾ ಕೊಲೊರಾಡಾ ಎಂಬ ಕೆರೆ ಇರುವುದು ಸುಮಾರು 4,300 ಮೀಟರ್ ಎತ್ತರದಲ್ಲಿ. ನೀರು ಕೆಂಪು. ಜೇಮ್ಸ್ ಫ್ಲೆಮಿಂಗೋ ಅನ್ನುವ ಹಕ್ಕಿ ಅಳಿದೇ ಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದರು, 1956ರಲ್ಲಿ ಮತ್ತೆ ಸಿಕ್ಕಿತು! ಈ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ. ಆ ಹಕ್ಕಿ ತಲೆ ಬಗ್ಗಿಸಿ, ಕೊಕ್ಕನ್ನು ಮಗುಚಿ ಹಿಡಿದು ನೀರು ಸೋಸುತ್ತದಲ್ಲ, ಅದಕ್ಕೆ ಮುಖ್ಯವಾಗಿ ಸಿಗುವುದು ಡಯಾಟಮ್. ಸಿಲಿಕಾ ಚಿಪ್ಪಿನೊಳಗಿರುವ ಒಂದೇ ಕೋಶದ ಪಾಚಿ ಅದು, ಕಣ್ಣಿಗೆ ಕಾಣುವುದಿಲ್ಲ. ಗರಿಯ ಗುಲಾಬಿ ಬಣ್ಣ ತಿಂದದ್ದರಿಂದ ಬಂದದ್ದು. ಕೆರೆಯ ಕೆಂಪು ಕೂಡ ಪಾಚಿಯದೇ. ಮತ್ತೆ ಹಕ್ಕಿ ಎಣಿಸಿ ಸುಮ್ನೆ ಎದ್ದು ಬಂದರೆ ಸಾಕಾ? ಮೊದಲು ನೀರು ನೋಡಿ ಅನ್ನುವುದು ಇದಕ್ಕೇ.

ಅಲ್ಲಿ ಬದುಕುವುದೇನು ಸುಲಭವಲ್ಲ. ನಾಲ್ಕು ಸಾವಿರ ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ. ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇ 10 ಜಾಸ್ತಿ ಆಗುತ್ತದೆ. ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲು ಸುಡುತ್ತದೆ. ಬೀಳುವ ಮಳೆಗಿಂತ ಆವಿಯಾಗುವ ನೀರೇ ಹೆಚ್ಚು. ಅದಕ್ಕೇ ಚಿಲಿಯ ಸಲಾರ್ ದೆ ವಾಸ್ಕೊ ಎಂಬ ಉಪ್ಪಿನ ಬಯಲಿನಲ್ಲಿ ಒರತೆಯ ಬಾಯಲ್ಲಿ ನೀರು ಹೆಚ್ಚುಕಡಿಮೆ ಸಿಹಿ, ದೂರ ಹೋದಂತೆ ಉಪ್ಪು ಏರುತ್ತಲೇ ಹೋಗುತ್ತದೆ. ಉಪ್ಪು ಬದಲಾದರೆ ಅಲ್ಲಿರುವ ಜೀವಿಗಳ ಗುಂಪೂ ಬದಲು. ಒಂದು ಕಡೆ ಬಾಟಲಿ ತುಂಬಿಸಿ ‘ಇಡೀ ಜೌಗು ನೋಡಿದೆ’ ಅನ್ನುವಂತಿಲ್ಲ.

ದಡದಲ್ಲಿ ಚಾಪೆ ಹಾಸಿದ ಹಾಗೆ ಸೂಕ್ಷ್ಮಜೀವಿಗಳ ಒಂದು ಪದರ ಇರುತ್ತದೆ. ಚಾಕುವಿನಿಂದ ಒಂದು ಚೂರು ಕೊಯ್ದು ಅಡ್ಡಲಾಗಿ ನೋಡಿ. ಮೇಲೆ ಕಿತ್ತಳೆ, ಕಂದು: ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತು ತುಂಬಿಕೊಂಡು ಬಿಸಿಲು ತಡೆಯುವವರು. ಕೆಳಗೆ ಹಸಿರು ಸಯನೋಬ್ಯಾಕ್ಟೀರಿಯಾ, ಅಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಅದರ ಕೆಳಗೆ ನೇರಳೆ, ಗಂಧಕದ ಬ್ಯಾಕ್ಟೀರಿಯಾ. ತಳದಲ್ಲಿ ಕಪ್ಪು, ಕೊಳೆತ ಮೊಟ್ಟೆಯ ವಾಸನೆ, ಅಲ್ಲಿ ಆಮ್ಲಜನಕವೇ ಇಲ್ಲ. ಇಷ್ಟೆಲ್ಲಾ ಇರುವುದು ಬೆರಳಗಲದೊಳಗೆ! ಒಬ್ಬರು ಬಿಟ್ಟದ್ದೇ ಇನ್ನೊಬ್ಬರಿಗೆ ಊಟ.

ಅರ್ಜೆಂಟೀನಾದ ಸೊಕೊಂಪಾ ಕೆರೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಮಾರಿಯಾ ಯುಜೇನಿಯಾ ಫರಿಯಾಸ್ ತಂಡದವರು ಜೀವಂತ ಸ್ಟ್ರೊಮಾಟೊಲೈಟ್ (ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟುವ ಕಲ್ಲಿನಂಥ ದಿಬ್ಬ) ಕಂಡರು, ಅದೂ ಆರ್ಸೆನಿಕ್ ಇರುವ ನೀರಲ್ಲಿ. ಸುಮಾರು 350 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ಕಾಣುವ ಅದೇ ಬಗೆಯ ರಚನೆ. ಇದರ ಬಗ್ಗೆ ಒಂದು ಗಂಟೆ ಮಾತಾಡಬಹುದಿತ್ತು, ಆದರೆ ಸಮಯ ಆಯಿತು ಅಂತ ಚೀಟಿ ಬಂದಿದೆ.

ಲಿಥಿಯಂ ವಿಷಯ ಬೇಗ ಹೇಳಿಬಿಡುತ್ತೇನೆ. ಚಿಲಿಯ ಇನ್ನೊಂದು ಉಪ್ಪಿನ ಬಯಲಾದ ಸಲಾರ್ ದೆ ಅಟಕಾಮಾದಲ್ಲಿ ನೆಲದಡಿಯ ಉಪ್ಪುನೀರನ್ನು ಪಂಪ್ ಮಾಡಿ, ಕೊಳಗಳಲ್ಲಿ ಒಣಗಿಸಿ ಲಿಥಿಯಂ ತೆಗೆಯುತ್ತಾರೆ. ಬ್ಯಾಟರಿಗೆ ಅದು ಬೇಕು, ಒಪ್ಪಿದೆ. ಆದರೆ ಇಂಥ ಕಡೆ ಒರತೆಯ ನೀರು ಇಳಿದರೆ ದಡದ ಆ ಪದರ ಒಣಗುತ್ತದೆ, ಹಕ್ಕಿಗೆ ರೆಕ್ಕೆ ಇದೆ, ಪಾಚಿಗೆ ಇಲ್ಲ, ಅಲ್ವಾ? ಪಂಪ್ ಹಾಕುವ ಮೊದಲೇ ಒರತೆಯ ಮಟ್ಟ, ಉಪ್ಪು, ಪದರದ ಡಿಎನ್‌ಎ (ಅಲ್ಲಿ ಯಾವ್ಯಾವ ಜೀವಿ ಇವೆ ಎಂದು ಹೇಳುವುದು ಅದೇ) ಮೂರನ್ನೂ ಬರೆದಿಡಬೇಕು, ಪ್ರತಿ ಋತುವಿನಲ್ಲೂ. ಆಮೇಲೆ ಬರೆದರೆ ಹೋಲಿಸಲು ಏನೂ ಇರುವುದಿಲ್ಲ. ವೈರಸ್ ಬಗ್ಗೆ ಹೇಳಬೇಕೆಂದಿದ್ದೆ, ಪ್ರಶ್ನೆ ಕೇಳುವಾಗ ಯಾರಾದರೂ ಎತ್ತಿ.