ಪೆನ್ನಿನ ಮೇಲಿನ ನಂಬರು, ಪೆನ್ನಿನ ಬೆಲೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಮಾತು ಲಿಮಿಟೆಡ್ ಎಡಿಷನ್ ಫೌಂಟನ್ ಪೆನ್ನುಗಳ ಬಗ್ಗೆ. ಅದರಲ್ಲೂ ಅವುಗಳ ಬೆಲೆ ಬಗ್ಗೆ.

ಇಂಥ ಪೆನ್ನು ಕೈಗೆ ಬರುವುದು ಹಲವು ದಾರಿಯಲ್ಲಿ. ಕೆಲವರು ಆಸೆಪಟ್ಟು ಕೊಂಡಿರುತ್ತಾರೆ. ಕೆಲವರಿಗೆ ಉಡುಗೊರೆಯಾಗಿ ಬಂದಿರುತ್ತದೆ. ಕೆಲವರಿಗೆ ಹಿರಿಯರ ಬೀರುವಿನಲ್ಲಿ ಸಿಗುತ್ತದೆ. ಕ್ಯಾಪಿನ ಅಂಚಿನಲ್ಲಿ ಸಣ್ಣದಾಗಿ ಒಂದು ನಂಬರು ಕೆತ್ತಿರುತ್ತದೆ. 312, ಪಕ್ಕದಲ್ಲೊಂದು ಓರೆ ಗೆರೆ, ಆಮೇಲೆ 888. ಅಂದರೆ ಮಾಡಿದ್ದು 888 ಪೆನ್ನು, ಇದು 312ನೆಯದು. ನಂಬರು ಕಂಡ ಕೂಡಲೇ ಮನೆಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಜಗತ್ತಿನಲ್ಲಿ ಇರುವುದೇ ಇಷ್ಟು ಅಂದಮೇಲೆ ಇದಕ್ಕೆ ಸಿಕ್ಕಾಪಟ್ಟೆ ದುಡ್ಡು ಬರಬೇಕು, ಅಲ್ವಾ?

ಬರಬಹುದು. ಬರದೆಯೂ ಇರಬಹುದು. ಎಷ್ಟು ಪೆನ್ನು ಮಾಡಬೇಕು ಅಂತ ತೀರ್ಮಾನ ಮಾಡುವವರು ಕಂಪನಿಯವರು. ಬೆಲೆ ನಿಲ್ಲುವುದು ಎಷ್ಟು ಜನಕ್ಕೆ ಆ ಪೆನ್ನು ಬೇಕು ಅನ್ನುವುದರ ಮೇಲೆ. ಐನೂರು ಪೆನ್ನಿಗೆ ಐದು ಸಾವಿರ ಜನ ಕಾದಿದ್ದರೆ ಒಂದು ಬೆಲೆ. ಅದೇ ಐನೂರು ಪೆನ್ನಿಗೆ ಗಿರಾಕಿಗಳು ನಾನೂರೇ ಇದ್ದರೆ, ಉಳಿದ ನೂರು ಪೆನ್ನು ರಿಯಾಯಿತಿಯಲ್ಲಿ ಹೋಗುತ್ತವೆ. ಆಗ ಆ ನಾನೂರು ಜನರ ಪೆನ್ನಿನ ಬೆಲೆಯೂ ಇಳಿಯುತ್ತದೆ.

ಈ ಲಿಮಿಟೆಡ್ ಎಡಿಷನ್ ಅನ್ನುವುದು ಶುರುವಾದ ಕಾಲದಲ್ಲಿ ಸಂಖ್ಯೆಗೆ ಒಂದು ನಿಜವಾದ ಕಾರಣ ಇತ್ತು. 1715ರಲ್ಲಿ ಸ್ಪೇನಿನ ಹಡಗುಗಳು ಬೆಳ್ಳಿ, ಬಂಗಾರ ತುಂಬಿಕೊಂಡು ಹೋಗುವಾಗ ಫ್ಲಾರಿಡಾ ಕರಾವಳಿಯ ಹತ್ತಿರ ಬಿರುಗಾಳಿಗೆ ಸಿಕ್ಕಿ ಮುಳುಗಿದವು. ಸುಮಾರು 250 ವರ್ಷದ ನಂತರ ಆ ಹಡಗುಗಳ ಬೆಳ್ಳಿಯನ್ನು ಸಮುದ್ರದಿಂದ ಎತ್ತಿದರು. ಪಾರ್ಕರ್ ಕಂಪನಿ ಆ ಬೆಳ್ಳಿ ತಂದು, ಕರಗಿಸಿ, ತನ್ನ ಪಾರ್ಕರ್ 75 ಪೆನ್ನಿನ ಮೈ ಮಾಡಿತು. 1965ರಲ್ಲಿ ಬಂದ ಆ ಪೆನ್ನುಗಳ ಸಂಖ್ಯೆ 4,821. ಆಗಿನ ಬೆಲೆ 75 ಡಾಲರ್. ಇವತ್ತಿನ ಅರ್ಥದ ಮೊದಲ ಲಿಮಿಟೆಡ್ ಎಡಿಷನ್ ಪೆನ್ನು ಅಂತ ಸಂಗ್ರಹಕಾರರು ತೋರಿಸುವುದು ಇದನ್ನೇ. 4,821 ಎಂಥ ವಿಚಿತ್ರ ಸಂಖ್ಯೆ ನೋಡಿ. ಯಾರೂ ಕೂತು ಯೋಚಿಸಿ ಇಟ್ಟ ಸಂಖ್ಯೆಯ ಹಾಗೆ ಕಾಣುವುದಿಲ್ಲ. ಇದೇ ಪಾರ್ಕರ್ 1977ರಲ್ಲಿ, ಹಾಂಗ್‌ಕಾಂಗ್ ಬಂದರಿನಲ್ಲಿ ಸುಟ್ಟುಹೋದ ಕ್ವೀನ್ ಎಲಿಜಬೆತ್ ಹಡಗಿನ ಹಿತ್ತಾಳೆಯಿಂದ 5,000 ಪೆನ್ನು ಮಾಡಿತು.

ಆಮೇಲೆ ಕಾಲ ಬದಲಾಯಿತು. 1992ರಲ್ಲಿ ಮಾಂಟ್‌ಬ್ಲಾಂಕ್ ಅನ್ನುವ ಪೆನ್ನು ಕಂಪನಿ ಎರಡು ಸರಣಿ ಶುರು ಮಾಡಿತು. ಒಂದು ಕಲೆಯ ಪೋಷಕರ ಹೆಸರಿನದು, ಇನ್ನೊಂದು ಲೇಖಕರ ಹೆಸರಿನದು. ಪೋಷಕರ ಸರಣಿಯ ಮೊದಲ ಪೆನ್ನು ಲೊರೆಂಜೊ ದೆ ಮೆದಿಚಿ. ಮಾಡಿದ್ದು 4,810. ಯಾಕೆ 4,810? ಮಾಂಟ್‌ಬ್ಲಾಂಕ್ ಪರ್ವತದ ಎತ್ತರ ಅಷ್ಟು ಮೀಟರ್ ಅಂತ. 2009ರಲ್ಲಿ ಗಾಂಧೀಜಿ ಹೆಸರಿನಲ್ಲಿ ಚಿನ್ನದ ಪೆನ್ನು ತಂದಾಗ 241 ಮಾಡಿದರು. ಅದು ದಂಡಿ ಯಾತ್ರೆಯ ಮೈಲಿಗಳ ಲೆಕ್ಕ. ಖಾದಿ ಉಟ್ಟವರ ಹೆಸರಿಗೆ ಚಿನ್ನದ ಪೆನ್ನು ಎಷ್ಟು ಹೊಂದುತ್ತದೆ ಅನ್ನುವುದು ಬೇರೆ ಮಾತು. ಆ ಪೆನ್ನಿನ ವಿಚಾರ ಕೇರಳ ಹೈಕೋರ್ಟಿಗೂ ಹೋಯಿತು, 2010ರಲ್ಲಿ ಭಾರತದಲ್ಲಿ ಅದರ ಮಾರಾಟ ನಿಂತಿತು. ನಾನು ಹೇಳುತ್ತಿರುವುದು ಸಂಖ್ಯೆಯ ವಿಷಯ. ಪರ್ವತದ ಎತ್ತರವೋ, ಯಾತ್ರೆಯ ದೂರವೋ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಪೆನ್ನು ಎಷ್ಟು ಅಪರೂಪ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಮ್ಮಿ.

ಅದೇ 1992ರಲ್ಲಿ ಲೇಖಕರ ಸರಣಿಯ ಮೊದಲ ಪೆನ್ನಾಗಿ ಬಂದದ್ದು ಹೆಮಿಂಗ್ವೇ. ಫೌಂಟನ್ ಪೆನ್ನುಗಳೇ 20,000. ಇಪ್ಪತ್ತು ಸಾವಿರ! ಇದನ್ನು ಲಿಮಿಟೆಡ್ ಅಂತ ಕರೆಯುವುದಕ್ಕೇ ಸ್ವಲ್ಪ ಧೈರ್ಯ ಬೇಕು. ಆದರೂ ಇವತ್ತಿಗೂ ಜನ ಹುಡುಕಿ ಹುಡುಕಿ ಕೊಳ್ಳುವ ಪೆನ್ನು ಅದು. ಕಾರಣ ಏನು? ಆ ಸರಣಿಯಲ್ಲಿ ವರ್ಷ ವರ್ಷ ಹೊಸ ಲೇಖಕರ ಪೆನ್ನು ಬರುತ್ತಲೇ ಇದೆ. ಹೊಸದಾಗಿ ಸಂಗ್ರಹ ಶುರು ಮಾಡಿದ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಮೊದಲನೆಯದು ಬೇಕಾಗುತ್ತದೆ. ಜೊತೆಗೆ ಪೆನ್ನೂ ಚೆನ್ನಾಗಿದೆ. ದಪ್ಪಗೆ, ಹವಳದ ಬಣ್ಣ, ಕಂದು ಕ್ಯಾಪು, ಆ ಕಂಪನಿಯ 1930ರ ದಶಕದ ಪೆನ್ನುಗಳ ಗತ್ತು. ಬರೆಯುವುದಕ್ಕೂ ಹಿತ. ಹಾಗಾಗಿ ಪೆನ್ನು 20,000 ಇದ್ದರೂ ಕೇಳುವವರು ಅದಕ್ಕಿಂತ ಜಾಸ್ತಿ.

ಇದಕ್ಕೆ ಎದುರಾಗಿ, ನೂರು ಇನ್ನೂರು ಮಾತ್ರ ಮಾಡಿದ ಎಷ್ಟೋ ಪೆನ್ನುಗಳು ವರ್ಷಗಟ್ಟಲೆ ಅಂಗಡಿಯ ಗಾಜಿನ ಕಪಾಟಿನಲ್ಲೇ ಕೂತಿರುತ್ತವೆ. ಕೆಲವು ಕಂಪನಿಗಳು ಒಂದೇ ಪೆನ್ನಿಗೆ ಬಣ್ಣ ಬದಲಾಯಿಸಿ, ಪ್ರತಿ ಬಣ್ಣವನ್ನೂ ಲಿಮಿಟೆಡ್ ಎಡಿಷನ್ ಅಂತ ಬಿಡುತ್ತವೆ. ಪ್ರತಿ ಬಣ್ಣಕ್ಕೂ ಮಿತಿ ಇದೆ, ಬಣ್ಣಗಳಿಗೆ ಮಿತಿ ಇಲ್ಲ. ಕೊಳ್ಳುವ ಮುಂಚೆ ಆ ಕಂಪನಿ ಅದೇ ಪೆನ್ನನ್ನು ಇನ್ನೆಷ್ಟು ವೇಷದಲ್ಲಿ ತಂದಿದೆ ಅಂತ ಒಮ್ಮೆ ನೋಡಿ. ಸ್ಪೆಷಲ್ ಎಡಿಷನ್ ಅಂತ ಬರೆದಿದ್ದರಂತೂ ಎಷ್ಟು ಮಾಡಿದರು ಅನ್ನುವ ಲೆಕ್ಕವೇ ಇರಬೇಕಾಗಿಲ್ಲ.

ಕೆಲವೊಮ್ಮೆ ತಪ್ಪೂ ಬೆಲೆ ತರುತ್ತದೆ. 1996ರಲ್ಲಿ ಮಾಂಟ್‌ಬ್ಲಾಂಕ್‌ನ ಲೇಖಕರ ಸರಣಿಯಲ್ಲಿ ಅಲೆಕ್ಸಾಂದ್ರ್ ದ್ಯುಮಾ ಹೆಸರಿನ ಪೆನ್ನು ಬಂದಾಗ, ಕೆಲವು ಪೆನ್ನುಗಳ ಮೇಲೆ ಅಪ್ಪನ ಸಹಿಯ ಬದಲು ಮಗನ ಸಹಿ ಬಿದ್ದುಬಿಟ್ಟಿತು. ಇಬ್ಬರ ಹೆಸರೂ ಒಂದೇ, ಇಬ್ಬರೂ ಲೇಖಕರು. ಆಮೇಲೆ ಕಂಪನಿ ತಿದ್ದಿಕೊಂಡಿತು. ಈಗ ಆ ಪೆನ್ನು ಮಾರುವವರನ್ನು ಕೊಳ್ಳುವವರು ಕೇಳುತ್ತಾರೆ: ಅಪ್ಪನದೋ, ಮಗನದೋ?

ಸರಿ, ಇನ್ನು ಪೆನ್ನನ್ನೇ ಕೈಗೆ ತೆಗೆದುಕೊಳ್ಳೋಣ. ಒಳ್ಳೆಯ ಬೆಳಕು ಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಬೇಕು. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿಕೊಳ್ಳಿ, ನಿಬ್ಬು ಕೆಳಮುಖವಾಗಿ ಬಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ಮೊದಲು ಕ್ಯಾಪಿನ ತುಟಿ ನೋಡಿ, ಅಂದರೆ ಬಾಯಿಯ ಅಂಚು. ಕೂದಲೆಳೆಯಂಥ ಬಿರುಕು ಅಡಗಿ ಕೂರುವ ಜಾಗ ಅದು. ಒಳಗೆ ಸಣ್ಣ ಟಾರ್ಚ್ ಬೆಳಕು ಬಿಟ್ಟು, ಹೊರಗಿನಿಂದ ನಿಧಾನಕ್ಕೆ ತಿರುಗಿಸಿ. ಬಿರುಕಿದ್ದರೆ ಗೆರೆ ಹೊಳೆಯುತ್ತದೆ. ಮಾಮೂಲಿ ಪೆನ್ನಾಗಿದ್ದರೆ ಬೇರೆ ಕ್ಯಾಪು ತಂದು ಹಾಕಬಹುದು. ಲಿಮಿಟೆಡ್ ಎಡಿಷನ್ನಿನಲ್ಲಿ ನಂಬರು ಇರುವುದೇ ಹೆಚ್ಚಾಗಿ ಕ್ಯಾಪಿನ ಮೇಲೆ. ಬದಲಾಯಿಸಿದರೆ ನಂಬರೇ ಹೋಯಿತು. ಹಾಗಾಗಿ ಸಣ್ಣ ಬಿರುಕೂ ಬೆಲೆಯನ್ನು ಚೆನ್ನಾಗಿಯೇ ಕಡಿಯುತ್ತದೆ.

ಆಮೇಲೆ ನಿಬ್ಬು. 585 ಅಂತ ಇದ್ದರೆ 14 ಕ್ಯಾರೆಟ್, 750 ಇದ್ದರೆ 18 ಕ್ಯಾರೆಟ್. ಚಿನ್ನ ಅಂದ ಕೂಡಲೇ ಕಣ್ಣರಳುತ್ತದೆ. ಆದರೆ ನಿಬ್ಬಿನ ತೂಕ ಎಷ್ಟು ಮಹಾ? ಸಾಮಾನ್ಯ ನಿಬ್ಬಿನ ಚಿನ್ನ ಕರಗಿಸಿ ಮಾರಿದರೆ ಪೆನ್ನಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ನೋಡಬೇಕಾದ್ದು ತುದಿಯ ಗುಂಡನ್ನು. ಅದು ಚಿನ್ನ ಅಲ್ಲ, ಬಹಳ ಗಟ್ಟಿಯಾದ ಬೇರೆ ಲೋಹಗಳ ಮಿಶ್ರಣ. ಒಂದು ಕಡೆ ಸವೆದು ಚಪ್ಪಟೆಯಾಗಿದ್ದರೆ ಯಾರೋ ವರ್ಷಗಟ್ಟಲೆ ಬರೆದಿದ್ದಾರೆ ಅಂತ ಅರ್ಥ. ತುದಿಯ ಆಕಾರ ಅಸಹಜವಾಗಿ ಕಂಡರೆ ಯಾರೋ ತಮ್ಮ ಕೈಬರಹಕ್ಕೆ ತಕ್ಕಂತೆ ಉಜ್ಜಿಸಿರಬಹುದು. ಬರೆಯುವವರಿಗೆ ಅದು ಖುಷಿ. ಸಂಗ್ರಹಕಾರರು ಮುಖ ಸಿಂಡರಿಸುತ್ತಾರೆ. ಆ ಎಡಿಷನ್ನಿಗೆಂದೇ ನಿಬ್ಬಿನ ಮೇಲೆ ಕೆತ್ತನೆ ಇರುವುದುಂಟು. ಅದರ ಜಾಗದಲ್ಲಿ ಮಾಮೂಲಿ ನಿಬ್ಬು ಕೂತಿದ್ದರೆ ಬದಲಾಯಿಸಿದ್ದಾರೆ ಅಂತಲೇ ತಿಳಿಯಿರಿ.

ಪೆನ್ನಿನ ಮೈ ಯಾವುದರದು ಅನ್ನುವುದೂ ಮುಖ್ಯ. ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್ಕು, ಅದರ ಪೆನ್ನುಗಳ ಬಣ್ಣ ನೋಡಿದರೆ ಮರುಳಾಗಬೇಕು, ಅಷ್ಟು ಆಳ. ಕ್ಯಾಪು ತೆಗೆದು ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಹೆದರಬೇಡಿ. ಸೆಲ್ಯುಲಾಯ್ಡ್ ಮಾಡುವುದಕ್ಕೆ ಕರ್ಪೂರ ಬಳಸುತ್ತಾರೆ. ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದು, ಒಳಗಿನಿಂದ ಸಣ್ಣ ಸಣ್ಣ ಬಿರುಕು ಎದ್ದಿದ್ದರೆ ಅದು ಕೊಳೆಯುತ್ತಿದೆ. ಅದನ್ನು ನಿಲ್ಲಿಸುವ ಉಪಾಯ ಇಲ್ಲ. ಬೇರೆ ಪೆನ್ನುಗಳ ಪಕ್ಕದಲ್ಲೂ ಇಡಬೇಡಿ. ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ ಪೆನ್ನು, ಬೆಳಕು ಮತ್ತು ನೀರಿಗೆ ಸಿಕ್ಕಿ ಕಪ್ಪು ಹೋಗಿ ಕಂದಾಗುತ್ತದೆ.

ಜಪಾನಿನ ಮಾಕಿ-ಎ ಪೆನ್ನುಗಳದ್ದು ಬೇರೆಯೇ ಲೋಕ. ಮರದಿಂದ ಬರುವ ಉರುಶಿ ಎಂಬ ಅರಗನ್ನು ಪದರ ಪದರವಾಗಿ ಬಳಿದು, ಅದು ಒಣಗುವ ಮುಂಚೆ ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸುತ್ತಾರೆ. ಒಂದೊಂದು ಪದರವೂ ತೇವ ಇರುವ ಗಾಳಿಯಲ್ಲಿ ಗಟ್ಟಿಯಾಗಬೇಕು. ಹಾಗಾಗಿ ಒಂದು ಪೆನ್ನಿಗೆ ತಿಂಗಳುಗಳೇ ಹಿಡಿಯುತ್ತವೆ. ಒಳ್ಳೆಯ ಕೆಲಸದಲ್ಲಿ ಕಲಾವಿದರ ಸಹಿ ಇರುತ್ತದೆ. ಅಗ್ಗದ ಪೆನ್ನುಗಳಲ್ಲಿ ಇದೇ ಚಿತ್ರವನ್ನು ಅಚ್ಚು ಹಾಕಿರುತ್ತಾರೆ. ಭೂತಗನ್ನಡಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕೈಕೆಲಸದಲ್ಲಿ ಪುಡಿಯ ಕಣಗಳು ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳ್ಳಗೆ ಹರಡಿರುತ್ತವೆ. ಅಚ್ಚಿನಲ್ಲಿ ಅಂಚುಗಳೆಲ್ಲ ಒಂದೇ ಸಮ. ಈ ಒಂದು ಜಾತಿಯ ಪೆನ್ನಿನಲ್ಲಿ ಮಾತ್ರ ನಂಬರಿಗಿಂತ ಸಹಿಯನ್ನೇ ಮೊದಲು ನೋಡಿ ಅಂತ ನಾನು ಹೇಳುತ್ತೇನೆ.

ಮಸಿ ತುಂಬಿದ್ದಾರೋ ಇಲ್ಲವೋ ಅನ್ನುವುದಕ್ಕೂ ಬೆಲೆ ಇದೆ. ಒಮ್ಮೆಯೂ ಮಸಿ ಕಾಣದ ಪೆನ್ನಿಗೆ ಜಾಸ್ತಿ ಕೊಡುತ್ತಾರೆ. ನಿಬ್ಬಿನ ಕೆಳಗಿನ ನಾಲಗೆಯ ಸಂದಿಗಳನ್ನು ನೋಡಿದರೆ ನಿಜ ಗೊತ್ತಾಗುತ್ತದೆ, ಎಷ್ಟೇ ತೊಳೆದರೂ ಅಲ್ಲಿ ಸ್ವಲ್ಪ ಬಣ್ಣ ಉಳಿದಿರುತ್ತದೆ. ಬರೆಯಲೆಂದೇ ಮಾಡಿದ ವಸ್ತು ಬರೆಯದೆ ಇದ್ದರೇ ಬೆಲೆ ಜಾಸ್ತಿ ಅನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆದರೆ ಮಾರುಕಟ್ಟೆ ನನ್ನನ್ನು ಕೇಳಿ ನಡೆಯುವುದಿಲ್ಲವಲ್ಲ.

ಪೆನ್ನಿನ ಮೇಲೆ ಯಾರದೋ ಹೆಸರು ಕೆತ್ತಿಸಿದ್ದರೆ ಬೆಲೆ ಇಳಿಯುತ್ತದೆ, ಆ ಯಾರೋ ನಾಡಿಗೆಲ್ಲ ಗೊತ್ತಿರುವವರಾಗಿದ್ದು, ಅದಕ್ಕೆ ದಾಖಲೆ ಇದ್ದರೆ ಮಾತು ಬೇರೆ. ಡಬ್ಬಿ, ಹೊರಗಿನ ರಟ್ಟಿನ ಪೆಟ್ಟಿಗೆ, ಪುಸ್ತಿಕೆ, ಗ್ಯಾರಂಟಿ ಕಾರ್ಡು ಎಲ್ಲ ಇರಬೇಕು, ನಂಬರು ಇದ್ದ ಕಡೆಯೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ರಟ್ಟಿನ ಪೆಟ್ಟಿಗೆ ತಾನೇ ಅಂತ ಬಿಸಾಡಬೇಡಿ. ಒಂದನೇ ನಂಬರಿಗೆ, ಕೊನೇ ನಂಬರಿಗೆ, 88ರಂಥ ಅದೃಷ್ಟದ ನಂಬರಿಗೆ ಸ್ವಲ್ಪ ಹೆಚ್ಚು ಕೊಡುವವರು ಇದ್ದಾರೆ. ನಡುವಿನ 312ಕ್ಕೂ 417ಕ್ಕೂ ಏನೂ ವ್ಯತ್ಯಾಸ ಇಲ್ಲ.

ಈಗ ಬೆಲೆ ಹುಡುಕುವ ಕೆಲಸ. ಮೊಬೈಲ್ ತೆಗೆದು ಹುಡುಕಿದರೆ ಮೊದಲು ಕಾಣುವುದು ಮಾರುವವರು ಕೇಳುತ್ತಿರುವ ಬೆಲೆ. ಕೇಳುವುದಕ್ಕೇನು, ಎಷ್ಟು ಬೇಕಾದರೂ ಕೇಳಬಹುದು. ಮೂರು ವರ್ಷದಿಂದ ಅದೇ ಬೆಲೆಗೆ ಅದೇ ಪೆನ್ನು ಬಿಕರಿಯಾಗದೆ ಕೂತಿದ್ದರೆ, ಅದು ಆ ಪೆನ್ನಿನ ಬೆಲೆ ಅಲ್ಲ ಅಂತ ಮೂರು ವರ್ಷದಿಂದ ಸಾಬೀತಾಗುತ್ತಿದೆ ಅಂತ ಲೆಕ್ಕ. ನೀವು ಹುಡುಕಬೇಕಾದ್ದು ಮಾರಾಟ ಆದ ಬೆಲೆ. ಹರಾಜು ಸಂಸ್ಥೆಗಳು ಹಳೆಯ ಹರಾಜಿನ ಫಲಿತಾಂಶ ಹಾಕಿರುತ್ತವೆ. ಅಲ್ಲೂ ಒಂದು ಸೂಕ್ಷ್ಮ ಇದೆ. ಸುತ್ತಿಗೆ ಬಿದ್ದ ಬೆಲೆ ಒಂದು, ಅದರ ಮೇಲೆ ಸಂಸ್ಥೆಯ ಕಮಿಷನ್ ಸೇರಿ ಕೊಂಡವರು ಕೊಡುವುದು ಇನ್ನೊಂದು, ಸಂಸ್ಥೆ ತನ್ನ ಪಾಲು ಕಳೆದ ಮೇಲೆ ಮಾರಿದವರ ಕೈಗೆ ಬರುವುದು ಮತ್ತೊಂದು. ಯಾವ ಅಂಕಿ ಓದುತ್ತಿದ್ದೀರಿ ಅಂತ ನೋಡಿಕೊಳ್ಳಿ. ಒಂದೇ ಮಾರಾಟ ನೋಡಿ ತೀರ್ಮಾನ ಮಾಡಬೇಡಿ. ಇಬ್ಬರು ಹಠಕ್ಕೆ ಬಿದ್ದ ದಿನ ಬೆಲೆ ಎಲ್ಲಿಗೋ ಹೋಗಿರುತ್ತದೆ. ಅದೇ ಪೆನ್ನು ಮುಂದಿನ ಸಲ ಅರ್ಧಕ್ಕೆ ಹೋಗಬಹುದು.

ಯಾಕೆ ಬೆಲೆ ಕಟ್ಟುತ್ತಿದ್ದೀರಿ ಅನ್ನುವುದೂ ಮುಖ್ಯ. ವಿಮೆಗೆ ಅಂದರೆ, ಕಳೆದುಹೋದರೆ ಅಂಥದ್ದೇ ಇನ್ನೊಂದು ತರಲು ಎಷ್ಟು ಬೇಕೋ ಅಷ್ಟು ಹಾಕಬೇಕು, ಅದು ದೊಡ್ಡ ಅಂಕಿ. ನೀವೇ ಇನ್ನೊಬ್ಬ ಸಂಗ್ರಹಕಾರರಿಗೆ ಮಾರಿದರೆ ಅದಕ್ಕಿಂತ ಕಮ್ಮಿ. ಇವತ್ತೇ ದುಡ್ಡು ಬೇಕು ಅಂತ ವ್ಯಾಪಾರಿಯ ಹತ್ತಿರ ಹೋದರೆ ಇನ್ನೂ ಕಮ್ಮಿ. ವ್ಯಾಪಾರಿ ಮೋಸ ಮಾಡಿದರು ಅಂತ ಬೈಯುವವರಿದ್ದಾರೆ. ಅವರೂ ಆ ಪೆನ್ನನ್ನು ರಿಪೇರಿ ಮಾಡಿಸಿ, ತಿಂಗಳುಗಟ್ಟಲೆ ಇಟ್ಟುಕೊಂಡು, ಲಾಭಕ್ಕೆ ಮಾರಬೇಕಲ್ಲ.

ಕಂಪನಿಯೇ ಮುಚ್ಚಿಹೋದರೆ? ಇಟಲಿಯ ಬೊಲೋನ್ಯದಲ್ಲಿ 1925ರಿಂದ ಪೆನ್ನು ಮಾಡುತ್ತಿದ್ದ ಓಮಾಸ್ 2016ರಲ್ಲಿ ಬಾಗಿಲು ಹಾಕಿತು. ಆ ಹಳೆಯ ಕಾರ್ಖಾನೆಯ ಪೆನ್ನು ಇನ್ನು ಬರುವುದಿಲ್ಲ ಅಂತ ಕೆಲವರು ಹೆಚ್ಚು ಕೊಡುತ್ತಾರೆ. ನಿಬ್ಬು ಬಾಗಿದರೆ, ಪಿಸ್ಟನ್, ಅಂದರೆ ತಿರುಗಿಸಿ ಮಸಿ ಎಳೆದುಕೊಳ್ಳುವ ಭಾಗ, ಕೆಟ್ಟರೆ ಬಿಡಿಭಾಗ ಎಲ್ಲಿಂದ ತರುವುದು ಅಂತ ಕೆಲವರು ಹಿಂದೆ ಸರಿಯುತ್ತಾರೆ. ಇಬ್ಬರ ಲೆಕ್ಕವೂ ಸರಿಯೇ. ಅಂಥ ಪೆನ್ನಿನಲ್ಲಿ ಪಿಸ್ಟನ್ ಸಲೀಸಾಗಿ ತಿರುಗುತ್ತದೆಯೇ ಅನ್ನುವುದು ಬಣ್ಣಕ್ಕಿಂತ ದೊಡ್ಡ ಪ್ರಶ್ನೆ.

ಹಣ ಹೂಡುವುದಕ್ಕೆ ಅಂತ ಹೊಸ ಲಿಮಿಟೆಡ್ ಎಡಿಷನ್ ಕೊಳ್ಳಬಹುದೇ ಅಂತ ಕೇಳಿದರೆ, ಬೇಡ ಅಂತಲೇ ನನ್ನ ಮಾತು. ಡಬ್ಬಿ ತೆರೆದ ದಿನವೇ ಹೆಚ್ಚಿನವುಗಳ ಬೆಲೆ ಇಳಿಯುತ್ತದೆ. ಏರುವ ಕೆಲವು ಯಾವುವು ಅಂತ ಮೊದಲೇ ಹೇಳುವುದು ಕಷ್ಟ.

ಮಾರುವುದಕ್ಕೇ ಹೊರಟಿದ್ದರೆ ಒಂದೆರಡು ಎಚ್ಚರಿಕೆ. ಚೆನ್ನಾಗಿ ಕಾಣಲಿ ಅಂತ ಉಜ್ಜಿ ಹೊಳಪು ಮಾಡಬೇಡಿ. ತೆಳುವಾದ ಚಿನ್ನದ ಲೇಪನ ಉಜ್ಜಿದರೆ ಹೋಗೇಬಿಡುತ್ತದೆ. ಬೆಳ್ಳಿ ಪೆನ್ನಿನ ಗೆರೆಗಳ ನಡುವಿನ ಕಪ್ಪು ಎಷ್ಟೋ ಸಲ ಕಾರ್ಖಾನೆಯಲ್ಲಿ ಬೇಕೆಂದೇ ಕೊಟ್ಟಿದ್ದು. ಸ್ಪಿರಿಟ್ ತಾಗಿಸಬೇಡಿ, ಬಿಸಿನೀರು ಬೇಡ. ಮಸಿ ಒಣಗಿದ್ದರೆ ನಿಬ್ಬಿನ ಭಾಗವನ್ನಷ್ಟೇ ತಣ್ಣೀರಿನಲ್ಲಿ ತೊಳೆಯಿರಿ. ನಿಬ್ಬು, ನಂಬರು, ಕ್ಯಾಪಿನ ತುಟಿ, ಇರುವ ಗೀರುಗಳು, ಎಲ್ಲದರ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಗೀರನ್ನು ಮುಚ್ಚಿಡಬೇಡಿ, ನೀವೇ ತೋರಿಸಿಬಿಡಿ. ಕೊಳ್ಳುವವರ ಹತ್ತಿರವೂ ಭೂತಗನ್ನಡಿ ಇರುತ್ತದೆ.

ನಮಸ್ಕಾರ.