ಸಭೆಯನ್ನು ಹೊರಗಿನವರ ಕೈಗೆ ಕೊಟ್ಟು ನೋಡಿ

ಹಿರಿಯರೇ, ವಕೀಲ ಮಿತ್ರರೇ,

ನಮ್ಮ ಆಫೀಸಿನ ಮೊದಲ ಯೋಜನಾ ಸಭೆ ನಡೆದದ್ದು ಒಂದು ದಸರಾ ರಜೆಯಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ. ಕೋರ್ಟಿನ ಚಿಂತೆ ಇಲ್ಲದೆ ಕೂರಲು ನಮಗೆ ಸಿಗುವುದೇ ಅಂಥ ದಿನಗಳು, ಅಲ್ವಾ? ಏಳು ಜನ ಪಾಲುದಾರರು, ಎರಡು ದಿನ. ಸಭೆ ನಡೆಸಿದವರು ನಮ್ಮ ಸೀನಿಯರ್.

2013ರಲ್ಲಿ ಧಾರವಾಡದ ಹೈಕೋರ್ಟ್ ಪೀಠ ಕಾಯಂ ಆದ ಮೇಲೆ ಅಲ್ಲೊಂದು ಶಾಖೆ ತೆರೆಯಬೇಕೆಂಬುದು ಅವರ ಆಸೆ. ವಿವರವಾಗಿ ಹೇಳಿ, "ಏನಂತೀರಿ?" ಎಂದು ಕೇಳಿದರು. ಎಲ್ಲರೂ "ಆಗಲಿ ಸರ್" ಅಂದೆವು. ಅವರ ಕೈಕೆಳಗೇ ಡ್ರಾಫ್ಟಿಂಗ್ ಕಲಿತವರು ನಾವು. ಅವರು ಮಾತು ಮುಗಿಸಿದ ಮೇಲೆ ಬೇರೆ ಮಾತು ಹೊರಡುವುದಾದರೂ ಹೇಗೆ? ಆರು ತಿಂಗಳಲ್ಲಿ ಇಬ್ಬರು ಬಿಟ್ಟುಹೋದರು. ಆ ಶಾಖೆ ಅವರಿಗೆ ಮೊದಲಿಂದಲೂ ಬೇಡವಾಗಿತ್ತು ಅಂತ ಆಮೇಲೆ ಗೊತ್ತಾಯಿತು.

1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 12 ನಿಮಗೆಲ್ಲ ಗೊತ್ತು. ಬೇರೆ ಒಪ್ಪಂದ ಇಲ್ಲದಿದ್ದರೆ ಸಾಮಾನ್ಯ ವಿಷಯಗಳನ್ನು ಬಹುಮತದಿಂದ ತೀರ್ಮಾನಿಸಬಹುದು. ಆದರೆ ತೀರ್ಮಾನಕ್ಕೆ ಮೊದಲು ಪ್ರತಿ ಪಾಲುದಾರರಿಗೂ ಅಭಿಪ್ರಾಯ ಹೇಳುವ ಹಕ್ಕಿದೆ. ಕಕ್ಷಿದಾರರಿಗೆ ನಾವು ಹೇಳಿಕೊಡುವ ಕಾನೂನು ಇದು. ನಮ್ಮದೇ ಸಭೆಯಲ್ಲಿ ಆ ಹಕ್ಕು ಸುಮ್ನೆ ಕಾಗದದ ಮೇಲೆ ಉಳಿದಿತ್ತು.

ಮುಂದಿನ ಸಲ ಸಭೆ ನಡೆಸಿಕೊಡಲು ಹೊರಗಿನವರೊಬ್ಬರನ್ನು ಕರೆದೆವು. ಅವರು ವಕೀಲರಲ್ಲ. ಸಭೆಗೆ ಎರಡು ವಾರ ಮೊದಲೇ ಒಬ್ಬೊಬ್ಬರ ಜೊತೆ ಒಂದೊಂದು ಗಂಟೆ ಮಾತಾಡಿದರು. ಯಾರು ಏನು ಹೇಳಿದರು ಎಂಬುದನ್ನು ಬಿಟ್ಟುಕೊಡಲಿಲ್ಲ, ವಿಷಯಗಳನ್ನು ಮಾತ್ರ ಸಭೆಗೆ ತಂದರು. ಎಲ್ಲರಿಗಿಂತ ಕಿರಿಯ ಪಾಲುದಾರರಿಂದ ಮಾತು ಶುರು, ಸೀನಿಯರ್ ಸರದಿ ಕೊನೆಗೆ. ಇಷ್ಟೇ ಬದಲಾವಣೆ. ವರ್ಷಗಳಿಂದ ಗಂಟಲಲ್ಲೇ ಉಳಿದಿದ್ದ ಮಾತು ಹೊರಬಂತು: ಕಕ್ಷಿದಾರರನ್ನು ಕರೆತಂದವರಿಗೆ ಎಷ್ಟು ಪಾಲು, ರಾತ್ರಿ ಕೂತು ಕೇಸು ತಯಾರು ಮಾಡಿದವರಿಗೆ ಎಷ್ಟು? ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು ಅನ್ನುತ್ತದೆ ಕಾಯ್ದೆ. ನಮ್ಮಲ್ಲಿ ಒಪ್ಪಂದವಿತ್ತು, ಆದರೆ ಆಫೀಸು ಮೂವರದ್ದಿದ್ದಾಗ ಬರೆದದ್ದು. ಅದಕ್ಕೇ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಎಲ್ಲರ ಮಾತು ಕೇಳಿದ ಸೀನಿಯರ್ "ಇದನ್ನು ನನಗೆ ಯಾಕೆ ಮೊದಲೇ ಹೇಳಲಿಲ್ಲ?" ಅಂದರು. ಅವರ ದನಿಯಲ್ಲಿ ನೋವಿತ್ತು. ಸಭೆ ನಡೆಸುವ ಹೊರೆ ಇಲ್ಲದ್ದರಿಂದಲೇ ಅವರಿಗೂ ಅಷ್ಟು ಹೊತ್ತು ಕೇಳಲು ಆಯಿತು ಎಂದು ನಾನು ನಂಬಿದ್ದೇನೆ.

ಹೊರಗಿನವರು ತೀರ್ಪು ಕೊಡುವವರಲ್ಲ. 2007ರಲ್ಲಿ ಬೆಂಗಳೂರು ಮೀಡಿಯೇಷನ್ ಸೆಂಟರ್ ಶುರುವಾದಾಗಿನಿಂದ ಈ ಪಾತ್ರ ನಮಗೆ ಹೊಸದೇನಲ್ಲ. ನಮ್ಮಲ್ಲೇ ಎಷ್ಟೋ ಜನ ಅಲ್ಲಿ ಮೀಡಿಯೇಟರ್ ಆಗಿ, ಅಂದರೆ ಎರಡೂ ಕಡೆಯವರನ್ನು ಮಾತಾಡಿಸಿ ರಾಜಿಗೆ ದಾರಿ ಮಾಡುವ ಮಧ್ಯಸ್ಥರಾಗಿ, ಕೂತವರು. ಬೇರೆಯವರ ಮನೆಯ ಜಗಳಕ್ಕೆ ಬೇಕಾದದ್ದು ನಮ್ಮ ಮನೆಗೆ ಬೇಡವೇ?

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಕ್ಷಿದಾರರ ಗುಟ್ಟು ಕಾಯುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132ರಲ್ಲಿ ನಮ್ಮ ಮೇಲಿದೆ, ನಮ್ಮ ಗುಮಾಸ್ತರ ಮೇಲೂ ಇದೆ. ಎರಡು ದಿನಕ್ಕೆ ಬಂದ ಅತಿಥಿಯನ್ನು ಆ ಸಾಲಿಗೆ ಸೇರಿಸಬೇಡಿ. ಅವರ ಎದುರು ಕಕ್ಷಿದಾರರ ಹೆಸರು, ಕೇಸಿನ ಸಂಗತಿ ಬಾಯಿಗೆ ಬರಬಾರದು. ಹಾಳೆಯಲ್ಲೂ ಬೇಡ. ಸೀನಿಯರ್ ನೆಂಟರನ್ನಾಗಲಿ, ನಿಮಗೆ ಕೆಲಸ ಕೊಡುವ ಕಂಪನಿಯವರನ್ನಾಗಲಿ ಕರೆಯಲೇಬೇಡಿ.

ಸಭೆ ನಡೆಸಿದ ಹೊರಗಿನವರು ಮೂರು ತಿಂಗಳ ನಂತರ ಮತ್ತೊಮ್ಮೆ ಬಂದು ವಿಚಾರಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ನಮ್ಮ ಆಫೀಸಿಗೆ ಅವರು ಮತ್ತೆ ಬಂದ ದಿನ ಹೊಸ ಪಾಲುದಾರಿಕೆ ಪತ್ರದ ಕರಡು ಮೇಜಿನ ಮೇಲಿತ್ತು. ಅದನ್ನು ಬರೆದವರು ನಮ್ಮ ಕಿರಿಯ ಪಾಲುದಾರರು.