ಎಲ್ಲಿಂದ ಅಳೆದಿರಿ ಸ್ವಾಮಿ?

ಎಲ್ಲರಿಗೂ ನಮಸ್ಕಾರ. ಬಹುಮಾನ ಕೊಡುವ ಮೊದಲು ಭೂಗೋಳದ ಬಗ್ಗೆ ನಾಲ್ಕು ಮಾತಾಡಿ ಅಂದರು. ಬೆಳಗ್ಗೆಯಿಂದ ಕೂತು ನಿಮ್ಮ ಕ್ವಿಜ್ ಕೇಳಿದೆ. ಜಗತ್ತಿನ ಅತಿ ಎತ್ತರದ ಶಿಖರ? ಎವರೆಸ್ಟ್! ಹತ್ತು ಅಂಕ, ಚಪ್ಪಾಳೆ. ಎಲ್ಲಿಂದ ಅಳೆದರು ಅಂತ ಒಬ್ಬ ಮಗುವೂ ಕೇಳಲಿಲ್ಲ. ನನ್ನ ತಕರಾರು ಇಷ್ಟೇ.

ಎವರೆಸ್ಟ್ 8,849 ಮೀಟರ್, ಒಪ್ಪಿದೆ. ಆದರೆ ಅದು ಸಮುದ್ರಮಟ್ಟದಿಂದ. ಹವಾಯಿಯ ಮೌನಾ ಕಿಯಾ ನೀರಿನ ಮೇಲೆ ಕಾಣುವುದು 4,207 ಮೀಟರ್ ಮಾತ್ರ. ಅದರ ಬುಡ ಇರುವುದು ಪೆಸಿಫಿಕ್ ಸಾಗರದ ತಳದಲ್ಲಿ. ಅಲ್ಲಿಂದ ಅಳೆಯಿರಿ, 10,000 ಮೀಟರ್ ದಾಟುತ್ತದೆ. ಭೂಮಿಯ ಕೇಂದ್ರದಿಂದ ಅಳೆದರೋ, ಎಕ್ವಡಾರ್‌ನ ಚಿಂಬೊರಾಜೊ ಗೆಲ್ಲುತ್ತದೆ. ಅದರ ಎತ್ತರ 6,263 ಮೀಟರ್. ಆದರೂ ತುದಿ ಎವರೆಸ್ಟ್ ತುದಿಗಿಂತ ಸುಮಾರು 2 ಕಿಲೋಮೀಟರ್ ಜಾಸ್ತಿ ದೂರ! ಯಾಕೆಂದರೆ ತಿರುಗಿ ತಿರುಗಿ ನಮ್ಮ ಭೂಮಿಗೆ ಹೊಟ್ಟೆ ಬಂದಿದೆ. ಧ್ರುವದಿಂದ ಧ್ರುವಕ್ಕೆ ಅಳೆದದ್ದಕ್ಕಿಂತ ಭೂಮಧ್ಯರೇಖೆಯಲ್ಲಿ ವ್ಯಾಸ ಸುಮಾರು 43 ಕಿಲೋಮೀಟರ್ ಹೆಚ್ಚು. ಚಿಂಬೊರಾಜೊ ಇರುವುದು ಆ ರೇಖೆಯ ಹತ್ತಿರವೇ. ಮುಂದಿನ ಸಾಲಿನವರು ನನ್ನ ಕಡೆ ನೋಡಿ ನಗಬೇಡಿ.

ಈ ಹೊಟ್ಟೆ ಅಳೆದ ಕಥೆ ಹೇಳದೆ ನಾನು ಇಳಿಯುವುದಿಲ್ಲ. ನಡು ಉಬ್ಬಿದೆ ಅಂದವರು ನ್ಯೂಟನ್. ಇಲ್ಲ, ಧ್ರುವಗಳ ಕಡೆಗೇ ಉದ್ದ ಅಂದರು ಪ್ಯಾರಿಸ್‌ನ ಖಗೋಳಜ್ಞ ಕಸೀನಿ ಕಡೆಯವರು. ವಾದ ಮುಗಿಯಲಿಲ್ಲ. 1735ರಲ್ಲಿ ಬುಗೇರ್, ಲಾ ಕೊಂಡಾಮಿನ್ ಮೊದಲಾದ ಫ್ರೆಂಚ್ ವಿಜ್ಞಾನಿಗಳು ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದರು. ಮರುವರ್ಷ ಮೊಪರ್ಟ್ವೀ ತಂಡ ಉತ್ತರ ಯುರೋಪಿನ ಲ್ಯಾಪ್‌ಲ್ಯಾಂಡ್‌ಗೆ ಹೊರಟಿತು. ಒಂದು ಡಿಗ್ರಿ ಅಕ್ಷಾಂಶ ಎರಡೂ ಕಡೆ ಎಷ್ಟು ಉದ್ದ ಅಂತ ನೋಡುವುದು, ಇಷ್ಟೇ ಕೆಲಸ. ಉತ್ತರದಲ್ಲಿ ಜಾಸ್ತಿ ಬಂದರೆ ನ್ಯೂಟನ್ ಸರಿ. ಉತ್ತರದವರು 1737ರಲ್ಲೇ ಉತ್ತರ ಹಿಡಿದು ವಾಪಸ್. ನ್ಯೂಟನ್ ಗೆದ್ದಿದ್ದರು. ಪಾಪ, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಕ್ಕೆ ಹೋದವರು ಚಳಿಯಲ್ಲಿ ದೂರ ಅಳೆಯಲು ಇನ್ನೂ ತ್ರಿಕೋನ ಎಳೆಯುತ್ತಿದ್ದರು. ತಂಡದ ವೈದ್ಯನನ್ನು ಕುವೆಂಕಾ ಊರಿನ ಗಲಭೆಯಲ್ಲಿ ಕೊಂದರು. ಮುಖ್ಯಸ್ಥರ ನಡುವೆ ಜಗಳ. ಕೊನೆಗೆ ಬುಗೇರ್ ಒಂದು ದಾರಿ, ಲಾ ಕೊಂಡಾಮಿನ್ ಅಮೆಜಾನ್ ನದಿ ಹಿಡಿದು ಇನ್ನೊಂದು ದಾರಿ. ಮಧ್ಯೆ ಚಿಂಬೊರಾಜೊ ಹತ್ತಲೂ ನೋಡಿದ್ದರು, ತುದಿ ಮುಟ್ಟಲಿಲ್ಲ. ಆದರೂ ಕೆಲಸ ಬಿಡಲಿಲ್ಲ ನೋಡಿ. ಉತ್ತರ ಗೊತ್ತಾದ ಮೇಲೂ ಅಳೆದರು! ನನಗೆ ಅವರ ಮೇಲೇ ಪ್ರೀತಿ.

ನಮ್ಮಲ್ಲೂ ಅಳೆದವರಿದ್ದಾರೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಎಳೆದು ಸರ್ವೆಯ ಮೊದಲ ಗೆರೆ, ಅಂದರೆ ಆಧಾರ ರೇಖೆ ಅಳೆದ. ಮುಂದೆ ಆ ಸರ್ವೆ ಹಿಮಾಲಯದ ತನಕ ಹೋಯಿತು. ನೇಪಾಳದ ಒಳಗೆ ಬಿಡಲಿಲ್ಲ, ಬಯಲಲ್ಲಿ ನಿಂತು ದೂರದಿಂದಲೇ ನೋಡಿದರು. ಲೆಕ್ಕ ಹಾಕಿದವರಲ್ಲಿ ಬಂಗಾಳದ ಗಣಿತಜ್ಞ ರಾಧಾನಾಥ್ ಸಿಕ್ದರ್ ಹೆಸರು ದೊಡ್ಡದು. 1856ರಲ್ಲಿ ಹೊರಬಿದ್ದ ಎವರೆಸ್ಟ್ ಎತ್ತರ 29,002 ಅಡಿ. ಎಲ್ಲಿಂದ? ಸಮುದ್ರಮಟ್ಟದಿಂದ.

ಹಾಂ, ಚೀಟಿ ಬಂತು. ಐದು ನಿಮಿಷವಂತೆ. ಮರುಭೂಮಿ ಒಂದೇ ಮಾತಲ್ಲಿ: ಅತಿ ದೊಡ್ಡದು ಸಹಾರಾ ಅಲ್ಲ, ಅಂಟಾರ್ಕ್ಟಿಕಾ. ಮರುಭೂಮಿ ಅಂದರೆ ಮರಳಲ್ಲ, ಮಳೆ ಕಡಿಮೆ ಅಂತ; ಅಲ್ಲಿ ಹಿಮ ಕೂಡ ಬೀಳುವುದು ಬಹಳ ಕಡಿಮೆ. ನೈಲ್ ಉದ್ದವೋ ಅಮೆಜಾನ್ ಉದ್ದವೋ ಅನ್ನುವ ಜಗಳ ಬಿಟ್ಟುಬಿಡುತ್ತೇನೆ. ನದಿ ಎಲ್ಲಿ ಹುಟ್ಟಿತು ಅನ್ನುವುದರ ಮೇಲೆ ಅದರ ಉದ್ದ, ಅಲ್ವಾ? ಮತ್ತೆ ಅದೇ ಪ್ರಶ್ನೆ.

ಮಂಗಳ ಗ್ರಹದ ಒಲಿಂಪಸ್ ಮಾನ್ಸ್ ಪರ್ವತ ಸುಮಾರು 22 ಕಿಲೋಮೀಟರ್ ಎತ್ತರ. ಅಲ್ಲಿ ಸಮುದ್ರವೇ ಇಲ್ಲ. ಹಾಗಾಗಿ ವಿಜ್ಞಾನಿಗಳು ಲೆಕ್ಕ ಹಾಕಿ ತಾವೇ ಒಂದು ಸೊನ್ನೆ ಮಟ್ಟ ಗೊತ್ತು ಮಾಡಿಕೊಂಡಿದ್ದಾರೆ. ಅದು ಹೇಗೆ ಅಂತ ಕೇಳುವ ಮಕ್ಕಳು ಬಹುಮಾನ ಇಸ್ಕೊಂಡ ಮೇಲೆ ಚಹಾ ಟೇಬಲ್ ಹತ್ತಿರ ಬನ್ನಿ. ಅಲ್ಲಿ ಚೀಟಿ ಕೊಡುವವರು ಇರುವುದಿಲ್ಲ.